ಟೇಪಕ್ಕನ ನಾಲ್ಕು ಗಂಟೆ

ಬೆಳಕು ಹರಿಯುವ ಮೊದಲು ಟೇಪಕ್ಕ ಮುಗಿಸುವ ಕೆಲಸಗಳು ಇವು: ಸದ್ದಾಗದಂತೆ ಅಡುಗೆಮನೆಯ ಚಿಲಕ ತೆಗೆಯುವುದು. ನೆನೆಸಿಟ್ಟ ಕಾಳನ್ನು ಬೇಯಲು ಇಡುವುದು. ಅತ್ತೆಗೆ ನೀರು ಕಾಯಿಸಿ ಫ್ಲಾಸ್ಕಿಗೆ ತುಂಬುವುದು. ಮೂರು ಡಬ್ಬಿಗಾಗುವಷ್ಟು ತರಕಾರಿ ಹೆಚ್ಚುವುದು. ಹಿಂದಿನ ದಿನ ಯಾರೋ ‘ನೆನೀಲಿ ಬಿಡು’ ಎಂದು ಬಿಟ್ಟುಹೋದ ಪಾತ್ರೆಯನ್ನು ತಿಕ್ಕುವುದು. ಗಂಡನ ವಾಕಿಂಗ್ ಕಾಲುಚೀಲಕ್ಕೆ ಜೊತೆ ಹುಡುಕುವುದು. ಮಗಳ ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುವುದು. ಕೊನೆಗೆ, ಸರಿಯಾಗಿ ಐದು ಗಂಟೆಗೆ, ಮನೆಮಂದಿಯ ಒಳ್ಳೆಯ ಅಭ್ಯಾಸಗಳನ್ನು ಒಂದೊಂದಾಗಿ ತಟ್ಟಿ ಎಬ್ಬಿಸುವುದು.

ಒಳ್ಳೆಯ ಅಭ್ಯಾಸಗಳು ಆ ಮನೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದ ಗಂಡ ಎಲ್ಲಿಂದಲೋ ಕೇಳಿಕೊಂಡು ಬಂದಿದ್ದರು: ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವ ಅಭ್ಯಾಸವಾದರೂ ಮೈಗೆ ಹತ್ತುತ್ತದಂತೆ. ಅವತ್ತೇ ಒಂದು ದೊಡ್ಡ ಹಾಳೆಗೆ ಗೆರೆ ಎಳೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ತಮ್ಮ ಹೆಸರಿನ ಮುಂದೆ ‘ಮುಂಜಾನೆ ನಡಿಗೆ’ ಎಂದು ಬರೆದುಕೊಂಡರು. ಮಗಳಿಗೆ ‘ಬೆಳಗಿನ ಓದು, ಮೊಬೈಲ್ ಇಲ್ಲದೆ’. ತಾಯಿಗೆ ‘ಬಿಸಿನೀರು, ಎರಡು ಲೋಟ’. ಟೇಪಕ್ಕನ ಹೆಸರಿನ ಮುಂದೆ ಏನು ಬರೆಯುವುದೆಂದು ಪೆನ್ನು ಕಚ್ಚಿಕೊಂಡು ಯೋಚಿಸಿ, “ನಿಂಗೇನೂ ಬೇಡ ಬಿಡೇ, ನೀನು ಹೇಗೂ ಬೇಗ ಏಳ್ತೀಯ” ಎಂದು ಜಾಗ ಖಾಲಿ ಬಿಟ್ಟರು.

ಇಡೀ ಊರಿನ ಬಸ್ಸುಗಳನ್ನು ನಿಮಿಷ ತಪ್ಪದಂತೆ ಹೊರಡಿಸುವ ಮನುಷ್ಯನನ್ನು ಹಾಸಿಗೆಯಿಂದ ಹೊರಡಿಸಲು ಮಾತ್ರ ಮೂರು ಸಲ ಕೂಗಬೇಕಿತ್ತು. ಕೂಗುವುದು ಯಾರ ಅಭ್ಯಾಸವೆಂದು ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ.

ಟೇಪಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೂಲೆಯ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಹಳೆ ಬಟ್ಟೆ ಸರಿಮಾಡುವ ಕೆಲಸ ಆಕೆಯದು. ಉದ್ದದ್ದನ್ನು ಮಡಚುವುದು, ಬಿಗಿಯಾದದ್ದನ್ನು ಬಿಡಿಸುವುದು, ಸಡಿಲವಾದದ್ದನ್ನು ಹಿಡಿಯುವುದು. ಹದಿನೆಂಟು ವರ್ಷದಿಂದ ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಲೇ ಇದೆ. ಒಮ್ಮೆ ಅದನ್ನು ಹಾಕಿಕೊಂಡೇ ಮಗಳ ಕಾಲೇಜಿನ ಸಭೆಗೆ ಹೋಗಿದ್ದಳು. ಮಗಳು ಎರಡು ದಿನ ಮಾತು ಬಿಟ್ಟಿದ್ದಳು.

ಆ ಕೆಲಸದಲ್ಲಿ ಆಕೆಗೆ ಒಂದು ಚಾಳಿ ಬೆಳೆದಿತ್ತು. ಯಾರಾದರೂ ಬಂದು “ನನ್ನ ಸೊಂಟ ಮೂವತ್ತು” ಎಂದರೆ ಟೇಪಕ್ಕ “ಹೂಂ” ಎಂದು ಚೀಟಿಯಲ್ಲಿ ಮೂವತ್ತೇ ಬರೆಯುತ್ತಿದ್ದಳು, ಬಟ್ಟೆಯಲ್ಲಿ ಮೂವತ್ತಮೂರು ಬಿಡುತ್ತಿದ್ದಳು. ಹಾಕಿಕೊಂಡವರು ಕನ್ನಡಿಯ ಮುಂದೆ ತಿರುಗಿ, “ನೋಡಿದ್ರಾ, ನಾನು ಹೇಳ್ಲಿಲ್ವಾ!” ಎಂದು ಹಿಗ್ಗುತ್ತಿದ್ದರು. ಯಾರ ತಪ್ಪನ್ನೂ ತಪ್ಪೆನ್ನದೆ, ಒಳಗಿಂದೊಳಗೇ ಸರಿಮಾಡಿ ಕಳಿಸಿಬಿಡುವುದು. ಊರವರ ಮೇಲೆ ಕಲಿತ ಈ ವಿದ್ಯೆಯನ್ನು ಗಂಡನ ಮೇಲೆ ಪ್ರಯೋಗಿಸಿದ್ದೇ ಯಡವಟ್ಟಾಯಿತು.

ನಡಿಗೆಯ ನಾಲ್ಕನೇ ದಿನ ಟೈಂಕೀಪರ್ ಮಂಡಿ ಹಿಡಿದುಕೊಂಡು ಕೂತರು. “ಇದೆಲ್ಲ ಸುಮ್ನೆ ಕಣೇ. ಒಂಚೂರೂ ಇಳಿದಿಲ್ಲ. ನಾಳೆಯಿಂದ ಎಬ್ಬಿಸ್ಬೇಡ.”

ಟೇಪಕ್ಕನಿಗೆ ಗಾಬರಿಯಾಯಿತು. ಅವರ ಹೊಟ್ಟೆಯ ಚಿಂತೆಯೇನೂ ಆಕೆಗಿರಲಿಲ್ಲ. ಅವರು ಹೊರಗೆ ಹೋದ ಮುಕ್ಕಾಲು ಗಂಟೆ ಅಡುಗೆಮನೆಯ ಬಾಗಿಲಿಗೆ ಒರಗಿ ‘ಇನ್ನೊಂದು ಟೀ’ ಎನ್ನುವವರು ಇರುತ್ತಿರಲಿಲ್ಲ, ಉಪ್ಪಿನ ಡಬ್ಬಿ ಎಲ್ಲಿ ಎಂದು ಉಪ್ಪಿನ ಡಬ್ಬಿಯ ಮುಂದೆ ನಿಂತು ಕೇಳುವವರು ಇರುತ್ತಿರಲಿಲ್ಲ. ನಾಲ್ಕೇ ದಿನದಲ್ಲಿ ಆ ಸುಖ ಆಕೆಗೆ ಹತ್ತಿಬಿಟ್ಟಿತ್ತು.

ಅವತ್ತು ಸಂಜೆ ಅವರ ಮೂರೂ ಪ್ಯಾಂಟುಗಳನ್ನು ಅಂಗಡಿಗೆ ಒಯ್ದು, ಹಿಂದಿನ ಹೊಲಿಗೆ ಬಿಚ್ಚಿ, ಅರ್ಧ ಇಂಚು ಸಡಿಲ ಬಿಟ್ಟು ಹೊಲಿದಳು. ಬೆಲ್ಟ್ ಹೊಟ್ಟೆಗೆ ಒತ್ತುತ್ತದೆಂದು ಅವರು ಅದನ್ನು ಕಟ್ಟುವುದು ಬಿಟ್ಟು ಐದು ವರ್ಷವಾಗಿತ್ತು. ಹಾಗಾಗಿ ಸಾಕ್ಷಿ ಹೇಳಲು ಬೆಲ್ಟಿನ ತೂತುಗಳೂ ಇರಲಿಲ್ಲ.

ಮರುದಿನ ಟೈಂಕೀಪರ್ ಪ್ಯಾಂಟು ಏರಿಸಿ, ಗುಂಡಿ ಹಾಕಿ, ಉಸಿರು ಬಿಟ್ಟು ನೋಡಿದರು. ಗುಂಡಿ ನಿಂತಿತ್ತು! “ಅಮ್ಮಾ! ಇಲ್ನೋಡು! ಬೆರಳು ಹೋಗ್ತಿದೆ!” ಎಂದು ಸೊಂಟದಲ್ಲಿ ಬೆರಳು ಸಿಕ್ಕಿಸಿಕೊಂಡೇ ತಾಯಿಯ ಕೋಣೆಗೆ ಓಡಿದರು.

ಒಂಬತ್ತನೇ ದಿನ ಇನ್ನರ್ಧ ಇಂಚು. ಹದಿನೈದನೇ ದಿನ ಮತ್ತೆ ಅರ್ಧ. ಒಳಗೆ ಉಳಿಸಿದ್ದ ಬಟ್ಟೆಯೆಲ್ಲ ಅಲ್ಲಿಗೆ ಮುಗಿಯಿತು. ವಿಚಿತ್ರವೆಂದರೆ ದಿನವಿಡೀ ಟೇಪು ನೇತುಹಾಕಿಕೊಂಡ ಹೆಂಡತಿ ಎದುರಿಗೇ ಓಡಾಡುತ್ತಿದ್ದರೂ, ಒಂದು ಸಲ ಅಳೆದು ನೋಡು ಎಂದು ಅವರು ಕೇಳಲಿಲ್ಲ. ಡಿಪೋದಲ್ಲಿ ಡ್ರೈವರುಗಳನ್ನು ನಿಲ್ಲಿಸಿ ಪ್ಯಾಂಟು ಎಳೆದು ತೋರಿಸುತ್ತಿದ್ದರು. ಅದು ಮೇಲಿನವರ ಕಿವಿಗೂ ಬಿದ್ದು, ‘ಭಾನುವಾರ ಎಲ್ಲರನ್ನೂ ಸೇರಿಸ್ತೀವಿ, ಒಳ್ಳೆ ಅಭ್ಯಾಸ ಹೇಗೆ ರೂಢಿಸ್ಕೋಬೇಕು ಅಂತ ನೀವೇ ನಾಲ್ಕು ಮಾತು ಹೇಳಿ’ ಎಂದರಂತೆ. ಆ ಭಾನುವಾರ ಹಾಳೆಯ ಇಪ್ಪತ್ತೊಂದನೇ ದಿನ.

ಹದಿನೆಂಟನೇ ದಿನ, ಗುರುವಾರ, ಟೈಂಕೀಪರ್ ತಮ್ಮ ಬೂದು ಬಣ್ಣದ ಒಳ್ಳೆಯ ಪ್ಯಾಂಟನ್ನು ಕವರಿನಲ್ಲಿ ಹಾಕಿಕೊಂಡು ನೇರ ಅಂಗಡಿಗೇ ಬಂದರು. ಮನೆಯಲ್ಲೇ ಹೆಂಡತಿಯ ಕೈಗೆ ಕೊಡಬಹುದಿತ್ತು. ಆದರೆ ಪ್ಯಾಂಟು ಸಡಿಲವಾಗಿದೆ ಎಂದು ನಾಲ್ಕು ಜನರ ಮುಂದೆ ಹೇಳುವ ಖುಷಿ ಮನೆಯಲ್ಲಿ ಎಲ್ಲಿ ಸಿಗಬೇಕು?

ಆಗ ನಾಲ್ಕು ಗಂಟೆ ಐದು ನಿಮಿಷ. ಹೊಲಿಗೆ ಯಂತ್ರದ ಮುಂದೆ ಯಾರೂ ಇರಲಿಲ್ಲ. ಇಸ್ತ್ರಿ ಮಾಡುತ್ತಿದ್ದ ಹೆಂಗಸು ಇವರನ್ನು ನೋಡಿದ್ದೇ ಇಸ್ತ್ರಿಪೆಟ್ಟಿಗೆಯನ್ನು ಠಪ್ಪೆಂದು ಇಟ್ಟು, ಗಟ್ಟಿಯಾಗಿ, “ಒಳಗೆ ಟ್ರಯಲ್ ನಡೀತಿದೆ ಸಾರ್! ಕೂತ್ಕೊಳ್ಳಿ!” ಎಂದಳು.

ಟೈಂಕೀಪರ್ ಕೂತರು. ಕೈಗಡಿಯಾರ ನೋಡಿದರು. ಟ್ರಯಲ್ ರೂಮಿನ ಪರದೆಯ ಹಿಂದಿನಿಂದ ಕಟುಂ ಕುಟುಂ ಎಂದು ಸದ್ದು. ಬಟ್ಟೆ ಹಾಕಿ ನೋಡುವಾಗ ಹಾಗೆ ಸದ್ದಾಗುವುದನ್ನು ಅವರು ಕೇಳಿರಲಿಲ್ಲ. ನಾಲ್ಕೂವರೆಗೆ ಸರಿಯಾಗಿ ಪರದೆ ಸರಿಯಿತು. ಸೆರಗಿನಿಂದ ಕಡಲೆಕಾಯಿ ಸಿಪ್ಪೆ ಕೊಡವಿಕೊಳ್ಳುತ್ತಾ ಟೇಪಕ್ಕ ಹೊರಬಂದಳು. ಒಳಗೆ ಒಂದು ಸ್ಟೂಲು, ಕಾಲು ಚಾಚಲು ಒಂದು ಬಟ್ಟೆಗಂಟು, ಎದುರಿಗೆ ಆಳೆತ್ತರದ ಕನ್ನಡಿ. ಬೇರೆ ಯಾರೂ ಇಲ್ಲ.

“ಏನೇ ಇದು! ಇಪ್ಪತ್ತೈದು ನಿಮಿಷ!”

“ಮೂವತ್ತು,” ಎಂದಳು ಟೇಪಕ್ಕ. “ನೀವು ಬರೋಕೆ ಮುಂಚೆನೇ ಐದು ನಿಮಿಷ ಆಗಿತ್ತು.”

“ಒಳಗೇನ್ ಮಾಡ್ತಿದ್ದೆ?”

“ಏನೂ ಮಾಡ್ತಿರ್ಲಿಲ್ಲ.”

ಅದು ನಿಜವಾಗಿಯೂ ನಿಜ. ದಿನಕ್ಕೆ ಹದಿನೆಂಟು ಗಂಟೆ ಎಚ್ಚರವಿರುವ ಆಕೆ ಏನೂ ಮಾಡದೆ ಇರುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ಕಡಲೆಕಾಯಿ ತಿಂದು, ಕಾಲು ಚಾಚಿ, ಮನಸ್ಸು ಬಂದರೆ ಕನ್ನಡಿಗೆ ನಾಲಿಗೆ ತೋರಿಸುವುದು. ಆರು ವರ್ಷದಿಂದ ಹೀಗೇ. ಅಂಗಡಿಯ ಒಡತಿಗೂ ಗೊತ್ತು. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬರುತ್ತಾಳಲ್ಲ ಎಂದು ಸುಮ್ಮನಿದ್ದಳು.

ಟೈಂಕೀಪರ್ ಕವರಿನಿಂದ ಪ್ಯಾಂಟು ತೆಗೆದು ಮುಂದಿಟ್ಟರು. ಆ ಅಂಗಡಿಯಲ್ಲಿ ಒಂದು ಪದ್ಧತಿ: ಏನು ಸರಿಮಾಡಬೇಕೆಂದು ಗಿರಾಕಿಯೇ ತನ್ನ ಕೈಯಾರೆ ಚೀಟಿಯಲ್ಲಿ ಬರೆದು ಸಹಿ ಹಾಕಬೇಕು, ಆಮೇಲೆ ಜಗಳ ಬರಬಾರದು ನೋಡಿ. ಅವರು ಬರೆದರು: ‘ಸೊಂಟ ಮೂರು ಇಂಚು ಹಿಡಿಯುವುದು.’

“ಮೂರಾ?” ಟೇಪಕ್ಕ ಹುಬ್ಬೇರಿಸಿದಳು. “ಒಂದ್ಸಲ ಅಳೀಲಾ?”

“ಅಳತೆ ಯಾಕೆ? ಪ್ಯಾಂಟೇ ಹೇಳ್ತಿದೆ. ಭಾನುವಾರದ ಹೊತ್ಗೆ ಇನ್ನೂ ಇಳಿದಿರುತ್ತೆ. ಬರೆದಷ್ಟು ಹಿಡಿ.”

ಇಸ್ತ್ರಿಯಾಕೆ ಗೋಡೆಯ ಕಡೆ ತಿರುಗಿ ಕೆಮ್ಮಿದಳು. ಸುಮಾರು ಹೊತ್ತು ಕೆಮ್ಮಿದಳು.

ಅವತ್ತು ಸಂಜೆ ಮನೆಗೆ ಬರುವಷ್ಟರಲ್ಲಿ ಫ್ರಿಜ್ಜಿನ ಹಾಳೆಯ ಖಾಲಿ ಜಾಗ ತುಂಬಿತ್ತು. ಟೇಪಕ್ಕನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ: ‘ಬಿಡಬೇಕಾದ ದುರಭ್ಯಾಸ: ನಾಲ್ಕು ಗಂಟೆಯ ಸೋಮಾರಿತನ. ಸೋಮವಾರದಿಂದ.’

“ನೋಡೇ, ನಿನ್ ಒಳ್ಳೇದಕ್ಕೇ ಹೇಳ್ತಿರೋದು,” ಎಂದರು ಟೈಂಕೀಪರ್. “ಆ ಅರ್ಧ ಗಂಟೇನ ವೇಸ್ಟ್ ಮಾಡೋ ಬದ್ಲು ಬೇಗ ಕೆಲಸ ಮುಗಿಸಿ ಮನೆಗೆ ಬಾ. ನಾನು ಬರೋ ಹೊತ್ತಿಗೆ ಏನಾದ್ರೂ ಹಬೆಯಲ್ಲಿ ಬೇಯಿಸಿಟ್ರೆ ಡಿಪೋ ಕ್ಯಾಂಟೀನಲ್ಲಿ ಕರಿದಿದ್ದು ತಿನ್ನೋದು ತಪ್ಪುತ್ತೆ. ನಿಂದೂ ಒಂದು ಕೆಟ್ಟ ಅಭ್ಯಾಸ ಹೋಯ್ತು, ನಂದೂ ಹೋಯ್ತು.”

“ಅಂದ್ರೆ ನಿಮ್ಮ ಕೆಟ್ಟ ಅಭ್ಯಾಸ ಬಿಡ್ಸೋಕೂ ಅಮ್ಮನೇ ಒಲೆ ಮುಂದೆ ನಿಲ್ಬೇಕಾ ಅಪ್ಪ?” ಎಂದಳು ಮಗಳು.

“ನಿನ್ನ ಯಾರು ಕೇಳಿದ್ರು? ಓದ್ಕೋ ಹೋಗು.”

“ಓದು ಬೆಳಗಿನ ಅಭ್ಯಾಸ. ಈಗ ಸಂಜೆ.”

ಟೇಪಕ್ಕ ಒಳಗೆ ನಡೆದಳು. ಅತ್ತೆಯ ಕೋಣೆಗೆ ಫ್ಲಾಸ್ಕು ತರಲು ಹೋದಾಗ ಮುದುಕಿ ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡಳು.

“ಅವನ ಮಾತು ಕೇಳಿ ಬಿಟ್ಟುಗಿಟ್ಟೀಯ, ಜೋಕೆ.”

“ಏನನ್ನ ಅತ್ತೆ?”

“ನಾಲ್ಕು ಗಂಟೇನ. ನನ್ ಕಾಲದಲ್ಲಿ ನಾನು ಮಾಳಿಗೆ ಮೇಲೆ ಬಟ್ಟೆ ಒಣಹಾಕೋಕೆ ಹೋದ್ರೆ ಒಂದು ಗಂಟೆ ಇಳೀತಿರ್ಲಿಲ್ಲ. ಇದ್ದಿದ್ದು ಏಳೆಂಟು ಬಟ್ಟೆ! ಸೀರೆ ಮರೇಲಿ ಕೂತು ಮೋಡ ನೋಡ್ತಿದ್ದೆ. ನಿನ್ ಮಾವ ಇವನನ್ನ ಕೆಳಗೆ ಕೂರಿಸಿ, ‘ಅಮ್ಮ ಎಷ್ಟೊತ್ತಾಯ್ತು ಹೋಗಿ, ನೋಡು’ ಅಂತಿದ್ರು. ನಿನ್ ಗಂಡ ಗಡಿಯಾರ ನೋಡೋದು ಕಲಿತಿದ್ದೇ ಹಾಗೆ ಕಣೇ.”

“ಆಮೇಲೆ?”

“ಆಮೇಲೇನು. ಒಂದಿನ ಬಿಟ್ಟೆ. ಅಷ್ಟೇ. ಬಿಟ್ಟಿದ್ದು ಮತ್ತೆ ಸಿಗ್ಲಿಲ್ಲ.” ಮುದುಕಿ ಬಿಸಿನೀರಿನ ಲೋಟವನ್ನು ಕಿಟಕಿಯಲ್ಲಿದ್ದ ಗಿಡದ ಬುಡಕ್ಕೆ ಸುರಿದಳು. “ಇದನ್ನೂ ಕುಡ್ದೆ ಅಂತ ಟಿಕ್ ಹಾಕು, ಹೋಗು.”

ಶುಕ್ರವಾರ ಕಳೆಯಿತು. ಶನಿವಾರ ನಾಲ್ಕು ಗಂಟೆಗೆ ಟ್ರಯಲ್ ರೂಮಿನಲ್ಲಿ ಕೂತಾಗ ಕಡಲೆಕಾಯಿ ಪೊಟ್ಟಣ ಬಿಚ್ಚಲೇ ಇಲ್ಲ. ಕನ್ನಡಿಯೊಳಗಿನ ಹೆಂಗಸು ‘ಇವತ್ತೇ ಕೊನೆಯಾ?’ ಎನ್ನುವಂತೆ ನೋಡುತ್ತಿದ್ದಳು. ಪರದೆಯ ಆಚೆಯಿಂದ ಇಸ್ತ್ರಿಯಾಕೆ ಕೇಳಿದಳು, “ಅಕ್ಕಾ, ಸಾರ್ ಪ್ಯಾಂಟು ಹಿಡಿದಾಯ್ತಾ?”

“ಇಲ್ಲ. ಮನೇಲಿ ಕೈಯಲ್ಲೇ ಹೊಲಿತೀನಿ.”

“ಎಷ್ಟು ಹಿಡೀತೀಯ?”

ಟೇಪಕ್ಕ ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. ಎಂದಿನಂತೆ ಮಾಡುವುದಾದರೆ ಏನು ಮಾಡಬೇಕೆಂದು ಆಕೆಯ ಬೆರಳುಗಳಿಗೇ ಗೊತ್ತಿತ್ತು: ಚೀಟಿಯಲ್ಲಿ ಮೂರು, ಬಟ್ಟೆಯಲ್ಲಿ ಅರ್ಧ. ಗಂಡ ಸಲೀಸಾಗಿ ಗುಂಡಿ ಹಾಕಿಕೊಂಡು, ಡಿಪೋದಲ್ಲಿ ಭಾಷಣ ಬಿಗಿದು, ಚಪ್ಪಾಳೆ ಹೊಡೆಸಿಕೊಂಡು ಬರುತ್ತಾರೆ. ಸೋಮವಾರದಿಂದ ಆಕೆ ನಾಲ್ಕು ಗಂಟೆ ಬಿಟ್ಟು, ಬೇಗ ಮನೆಗೆ ಬಂದು ಒಲೆ ಹೊತ್ತಿಸುತ್ತಾಳೆ.

ಭಾನುವಾರ ನಾಲ್ಕೂವರೆಗೆ, ಯಾರೂ ಎಬ್ಬಿಸದೆ, ಎಂದಿನಂತೆ ಎಚ್ಚರವಾಯಿತು. ಚಿಲಕ ತೆಗೆದಳು. ಆದರೆ ಒಲೆ ಹೊತ್ತಿಸಲಿಲ್ಲ, ಕಾಲುಚೀಲದ ಜೊತೆ ಹುಡುಕಲಿಲ್ಲ. ದೀಪದ ಕೆಳಗೆ ಬೂದು ಪ್ಯಾಂಟನ್ನು ತೊಡೆಯ ಮೇಲೆ ಹರಡಿ ಹಿಂದಿನ ಹೊಲಿಗೆ ಬಿಚ್ಚಿದಳು. ಸೀಮೆಸುಣ್ಣದಿಂದ ಅರ್ಧ ಇಂಚಿಗೆ ಗುರುತು ಹಾಕಿದಳು. ಕೈ ತಾನಾಗಿಯೇ ಅಲ್ಲಿಗೆ ಹೋಗಿತ್ತು. ಹದಿನೆಂಟು ವರ್ಷದಿಂದ ಊರವರ ಸೊಂಟಗಳ ಗುಟ್ಟು ಕಾಪಾಡಿದ ಕೈ ಅದು.

ಬೆರಳಿನಿಂದ ಗೆರೆ ಒರೆಸಿದಳು. ಟೇಪು ಹಿಡಿದು, ಚೀಟಿಯಲ್ಲಿ ಬರೆದಿದ್ದಷ್ಟೇ, ಒಂದು ನೂಲೂ ಹೆಚ್ಚುಕಡಿಮೆ ಇಲ್ಲದಂತೆ ಮೂರು ಇಂಚು ಹಿಡಿದಳು. ಹಾಕಿದ್ದು ಕಚ್ಚಾ ಹೊಲಿಗೆ. ಒಂದೇ ಎಳೆ ಎಳೆದರೆ ಸರ್ರನೆ ಬಿಟ್ಟುಕೊಳ್ಳುವಂಥದ್ದು. ಯಾವ ಎಳೆ ಎನ್ನುವುದು ಬೇಕಾದವರು ಬಂದು ಕೇಳಬೇಕು. ಕೇಳಿದರೆ ಹೇಳದಿರುವಷ್ಟು ಕೆಟ್ಟವಳೇನಲ್ಲ ಆಕೆ. ನಾಲ್ಕು ಗಂಟೆಯ ವಿಷಯ ಮೊದಲು ಮಾತಾಡುತ್ತಾಳೆ, ಅಷ್ಟೇ.

ಅಂಗಡಿಯ ಪದ್ಧತಿಯಂತೆ ಚೀಟಿಯನ್ನು ಸೊಂಟಪಟ್ಟಿಗೆ ಪಿನ್ನು ಚುಚ್ಚಿ ಸಿಕ್ಕಿಸಿದಳು, ಸಹಿ ಎದುರಿಗೆ ಕಾಣುವಂತೆ. ಪ್ಯಾಂಟನ್ನು ಕೊಕ್ಕೆಗೆ ತೂಗುಹಾಕಿದಳು. ಆಮೇಲೆ ಫ್ರಿಜ್ಜಿನ ಮುಂದೆ ನಿಂತು, ಕೆಂಪು ಶಾಯಿಯ ಸಾಲನ್ನು ಸೀಮೆಸುಣ್ಣದ ಕೈಯಲ್ಲೇ ಪೆನ್ನು ಹಿಡಿದು ಹೊಡೆದು ಹಾಕಿ, ಕೆಳಗೆ ತನ್ನ ಅಕ್ಷರದಲ್ಲಿ ಬರೆದಳು: ‘ಬಿಟ್ಟ ದುರಭ್ಯಾಸ: ಗಂಡನ ಪ್ಯಾಂಟು ಸಡಿಲ ಮಾಡುವುದು. ಇವತ್ತಿನಿಂದ.’

ಗಡಿಯಾರ ನೋಡಿದಳು. ಐದಕ್ಕೆ ಎರಡು ನಿಮಿಷ. ಟೇಪನ್ನು ಕುತ್ತಿಗೆಗೆ ಸರಿಯಾಗಿ ಹಾಕಿಕೊಂಡು ಮಲಗುವ ಕೋಣೆಯ ಕಡೆ ಹೊರಟಳು. ಎಬ್ಬಿಸುವ ಕೆಲಸ ಇಪ್ಪತ್ತೊಂದು ದಿನದಲ್ಲಿ ಮೊದಲ ಸಲ ಆಕೆಗೆ ಭಾರ ಎನ್ನಿಸಲಿಲ್ಲ.