ಶಹನಾಯಿ ನುಂಗಿದ ಮಾತು

ಮೊನ್ನೆ ಅಂಗಡಿಯ ಅಟ್ಟ ಗುಡಿಸುವಾಗ ನನ್ನ ಮೊದಲ ಕಂಪ್ಯೂಟರಿನ ಡಬ್ಬ ಕೈಗೆ ಸಿಕ್ಕಿತು. ಗುಜರಿಗೆ ಹಾಕಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಜೀವ ಇದೆಯೋ ನೋಡೋಣ ಎಂದು ಕರೆಂಟು ಕೊಟ್ಟೆ. ಫ್ಯಾನು ಗರಗರ ಎಂದಿತು, ಎರಡು ನಿಮಿಷದಲ್ಲಿ ಕಾದ ಧೂಳಿನ ವಾಸನೆ ಅಂಗಡಿ ತುಂಬ ಹರಡಿತು. ಮದುವೆ ಎಂದರೆ ನಿಮಗೆ ಮಲ್ಲಿಗೆಯ ವಾಸನೆ ನೆನಪಾಗಬಹುದು. ನನಗೆ ನೆನಪಾಗುವುದು ಈ ಕಾದ ಧೂಳು.

ನಾನು ಸಂತೇಬೆನ್ನೂರಿನಲ್ಲಿ ಮದುವೆ ವಿಡಿಯೊ ಮಾಡುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಈ ಮಾತನ್ನು ಕೆಲವರು ತಲೆ ತಗ್ಗಿಸಿ ಹೇಳುತ್ತಾರೆ, ನಾನು ಎದೆ ಉಬ್ಬಿಸಿ ಹೇಳುತ್ತೇನೆ. ಕ್ಯಾಮೆರಾ ಹಿಡಿಯುವುದನ್ನು ಯಾರೂ ಕಲಿಸಲಿಲ್ಲ, ಕಂಪ್ಯೂಟರನ್ನಂತೂ ಬೈದು ಬೈದು ನಾನೇ ಕಲಿತೆ. ಲೈಟಿನ ಸ್ಟ್ಯಾಂಡನ್ನು ಬೈಕಿಗೆ ಕಟ್ಟಿಕೊಂಡು ಕೆರೆಬಿಳಚಿ, ಬಸವಾಪಟ್ಟಣ, ಅತ್ತ ಜಗಳೂರಿನವರೆಗೂ ಹೋಗಿ ಬಂದಿದ್ದೇನೆ. ಈ ಸೀಮೆಯಲ್ಲಿ ನನ್ನ ಅಪ್ಪಣೆಯಾದ ಮೇಲೆ ನಕ್ಕ ಗಂಡ ಹೆಂಡಿರು ಬಹಳ ಮಂದಿ ಇದ್ದಾರೆ. ಪುರೋಹಿತರು ಮುಹೂರ್ತಕ್ಕೆ ಸರಿಯಾಗಿ ತಾಳಿ ಕಟ್ಟಿಸಿದರೆ, ನಾನು "ಫ್ಯಾನು ಅಡ್ಡ ಬಂತು, ಇನ್ನೊಂದ್ಸಲ ಕೈ ಇಡ್ರಿ" ಎಂದು ಮುಹೂರ್ತ ಮೀರಿದ ಮೇಲೆ ಮತ್ತೆ ಕಟ್ಟಿಸುತ್ತಿದ್ದೆ. ಯಾರೂ ಬೇಡ ಎನ್ನುತ್ತಿರಲಿಲ್ಲ. ದೇವರಿಗಿಂತ ಕ್ಯಾಮೆರಾಕ್ಕೆ ಹೆದರುವ ಕಾಲ ಆಗಲೇ ಬಂದಿತ್ತು.

ಮಾತುಗಳ ವಿಷಯದಲ್ಲಿ ನನ್ನದು ಇನ್ನೂ ಕಟ್ಟುನಿಟ್ಟು. ಮಂಟಪದಲ್ಲಿ ಜನ ಮಾತಾಡುವುದೆಲ್ಲ ಕಸ ಎಂದು ನನ್ನ ತೀರ್ಮಾನ. "ಸಾರು ಬಂತಾ," "ಚಪ್ಪಲಿ ಎಲ್ಲಿ," "ಅವರ್ಯಾಕೆ ಬಂದಿಲ್ಲ." ಇದನ್ನು ಯಾರು ಕೇಳುತ್ತಾರೆ? ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಧ್ವನಿ ಅಳಿಸಿ ಶಹನಾಯಿ ಹಾಸಿಬಿಡುತ್ತಿದ್ದೆ. ಜನ ಅದನ್ನು ನೋಡಿ "ಸಿನಿಮಾ ಇದ್ದಂಗೈತೆ" ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಬಿರುದು ನನಗೆ ಬೇಕಿರಲಿಲ್ಲ.

ಆಮೇಲೆ ಪೆನ್‌ಡ್ರೈವ್ ಚುಚ್ಚುವ ಟಿವಿಗಳು ಬಂದವು, ಅವುಗಳ ಜೊತೆಗೆ ಹೊಸ ರೋಗವೂ ಬಂತು. ಚಿತ್ರ ಓಡುತ್ತದೆ, ಧ್ವನಿ ಇಲ್ಲ. ಕಂಪ್ಯೂಟರಿನಲ್ಲಿ ಚೆನ್ನಾಗಿ ಶಹನಾಯಿ ಊದಿದ ಫೈಲು ಟಿವಿಗೆ ಹೋದರೆ ಮೂಕ. ಕ್ಯಾಮೆರಾ ಧ್ವನಿಯನ್ನು ಒಂದು ಬಗೆಯಲ್ಲಿ ಬರೆದಿಟ್ಟಿರುತ್ತದೆ, ನಾನು ಹಾಸಿದ ಶಹನಾಯಿಯೂ ಅದೇ ಬಗೆಯಲ್ಲಿ ಹೋಗಿ ಕೂರುತ್ತಿತ್ತು, ಕೆಲವು ಟಿವಿಗಳಿಗೆ ಆ ಬಗೆ ಓದಲು ಬರುವುದಿಲ್ಲ, ಅಷ್ಟೆ. ಆದರೆ ನಾನು ಕಂಡುಕೊಂಡ ಮದ್ದು ಇಡೀ ಫೈಲನ್ನು, ಚಿತ್ರ ಧ್ವನಿ ಎರಡನ್ನೂ, ಮತ್ತೆ ಹೊಸದಾಗಿ ಬೇಯಿಸುವುದು. ನಾಲ್ಕು ಗಂಟೆ ಹಿಡಿಯುತ್ತಿತ್ತು. ಧ್ವನಿ ಬರುತ್ತಿತ್ತು, ಚಿತ್ರ ಮಾತ್ರ ಒಗೆದು ಒಗೆದು ಬಣ್ಣ ಹೋದ ಸೀರೆಯಾಗುತ್ತಿತ್ತು. ಯಾರಾದರೂ ಮುಖ ಮಸುಕಾಗಿದೆ ಎಂದರೆ "ಟಿವಿಯಿಂದ ದೂರ ಕೂತು ನೋಡ್ರಿ" ಎನ್ನುತ್ತಿದ್ದೆ. ಹೊತ್ತು ಹಿಡಿದರೇ ಅದು ಕೆಲಸ ಎಂದು ನಂಬಿದವನು ನಾನು. ಕಂಪ್ಯೂಟರು ಕಾದಷ್ಟೂ ನನಗೆ ಹೆಮ್ಮೆ.

ಎದುರಿಗೆ ಟೈಲರ್ ಇಮಾಮ್ ಸಾಬರ ಅಂಗಡಿ. ಅವರಿಗೆ ನನ್ನ ಗರಗರ ಕೇಳಿ ಕೇಳಿ ಸಾಕಾಗಿತ್ತು. "ಏನಪ್ಪಾ, ಇನ್ನೂ ಬೆಂದಿಲ್ಲೇನು?" ಎಂದು ಹೊಲಿಗೆ ಯಂತ್ರದ ಹಿಂದಿನಿಂದಲೇ ಕೇಳುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಹಿಂದಿನ ಬೀದಿಯ ಮಂಜುಳಾ ಓಡಿ ಬಂದಳು. ಹೊನ್ನಾಳಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಗೊತ್ತಾಗಿದ್ದ ಹುಡುಗ ನ್ಯಾಮತಿಯಲ್ಲಿ ಕೆಲಸದಲ್ಲಿದ್ದ, ಅವನ ಮನೆಯವರು ಜಗಳೂರಿನವರು. ಎರಡು ತಿಂಗಳ ಹಿಂದೆ ನಿಶ್ಚಿತಾರ್ಥ ಆಗಿತ್ತು, ವಿಡಿಯೊ ನನ್ನದೇ.

"ಅಣ್ಣಾ, ನಮ್ಮ ಮಾವ ಆಗೋರು ಅವತ್ತು ಹಿರೇರ ಮುಂದೆ ಏನಂದ್ರು? ಹುಡುಗಿ ಕೆಲಸ ಬಿಡಿಸಾಕಿಲ್ಲ ಅಂದ್ರು. ಈಗ ಜಗಳೂರಿಗೆ ಬಂದು ಮನೆ ನೋಡ್ಕೊಂಡಿರ್ಲಿ ಅಂತಾರೆ. ಕೇಳಿದ್ರೆ, ನಾವ್ ಹಂಗೆ ಎಲ್ಲಿ ಅಂದೀವಿ ಅಂತಾರೆ."

"ವಿಡಿಯೊ ಹಾಕಿ ತೋರ್ಸಮ್ಮಾ, ಮುಗೀತು."

"ಹಾಕಿದೆ. ಮಾವ ಬಾಯಿ ಆಡಿಸ್ತಾರೆ, ಶಹನಾಯಿ ಬರ್ತೈತೆ."

ನಮ್ಮಲ್ಲಿ ವೀಳ್ಯ ಬದಲಾಯಿಸುವ ಮುಂಚೆ ಎರಡು ಕಡೆಯ ಹಿರಿಯರು ಒಪ್ಪಿದ ಮಾತನ್ನು ಹತ್ತು ಜನರೆದುರು ಬಾಯಿಬಿಟ್ಟು ಹೇಳಬೇಕು. ಅದೇ ಸಾಕ್ಷಿ, ಕಾಗದ ಪತ್ರ ಇಲ್ಲ. ಆ ಸಾಕ್ಷಿಯನ್ನು ನಾನು ಕಸ ಎಂದು ಗುಡಿಸಿದ್ದೆ.

ಪುಣ್ಯಕ್ಕೆ ಕ್ಯಾಮೆರಾದ ಮೂಲ ಫೈಲು ಅಳಿಸಿರಲಿಲ್ಲ. ಹಾಕಿದರೆ ಕಂಪ್ಯೂಟರಿನಲ್ಲಿ ಮಾತು ಸ್ಪಷ್ಟ. ಅಂಗಡಿಯ ಟಿವಿಗೆ ಚುಚ್ಚಿದರೆ ಮೂಕ.

"ಫೋನಿನಲ್ಲಿ ಕೇಳ್ಸಿದ್ರೆ?"

"ಇಪ್ಪತ್ತು ಮಂದಿ ಕೂತಿರ್ತಾರೆ ಅಣ್ಣಾ. ಒಬ್ಬರು ಕಿವಿಗಿಟ್ಕೊಂಡ್ರೆ ಇನ್ನೊಬ್ಬರು ನನಗೆ ಕೇಳ್ಲಿಲ್ಲ ಅಂತಾರೆ. ಟಿವಿಲೇ ಆಗ್ಬೇಕು. ಗಂಡಿನ ಕಡೆಯೋರು ಹನ್ನೊಂದಕ್ಕೆ ಬರ್ತಾರೆ. ಕೆಲಸ ಬಿಡ್ತೀನಿ ಅಂತ ಇವತ್ತು ಒಪ್ಪಿದ್ರೇ ಮದುವೆಯಂತೆ."

ಗಂಟೆ ಹತ್ತಾಗಿತ್ತು. ನನ್ನ ಅಡುಗೆಗೆ ನಾಲ್ಕು ಗಂಟೆ ಬೇಕು. ಬೆಂದ ಮೇಲೆ ಮುಖ ಮಸುಕಾಗಿ, ಅದು ನಾನೇ ಅಲ್ಲ ಎಂದು ಬೀಗರು ಎದ್ದುಹೋದರೆ? ಅದನ್ನು ಹೇಳಲು ನನ್ನ ಜಂಬ ಬಿಡಲಿಲ್ಲ. "ದೊಡ್ಡ ಕೆಲಸ ಐತಮ್ಮಾ" ಎಂದು ಗಂಟಲು ಸರಿಮಾಡಿಕೊಂಡೆ.

ಇಷ್ಟನ್ನೂ ಕೇಳುತ್ತಿದ್ದ ಇಮಾಮ್ ಸಾಬರು ಕತ್ತರಿ ಹಿಡಿದೇ ರಸ್ತೆ ದಾಟಿ ಬಂದರು. "ಚಿತ್ರಕ್ಕೆ ಏನಾಗೈತಪ್ಪಾ?"

"ಚಿತ್ರಕ್ಕೇನಾಗಿಲ್ಲ ಸಾಬ್ರೇ. ಧ್ವನಿ ಮಾತ್ರ ಬದಲಾಗ್ಬೇಕು."

"ಮತ್ತೆ ಚಿತ್ರ ಯಾಕೆ ಬೇಯಿಸ್ತೀಯ? ಕೋಟಿನ ಅಸ್ತರು ಹರಿದೈತೆ ಅಂತ ತಂದ್ರೆ ನಾನು ಒಳಗಿನ ಬಟ್ಟೆ ಅಷ್ಟೇ ಬದಲಾಯಿಸ್ತೀನಿ. ಮೇಲಿನ ಬಟ್ಟೆನೂ ಬಿಚ್ಚಿ ಹೊಸ ಕೋಟೇ ಹೊಲಿತೀನಂದ್ರೆ ಜನ ಹೊಡೀತಾರೆ."

ಕಂಪ್ಯೂಟರು ಗೊತ್ತಿಲ್ಲದವರ ಮಾತು ಎಂದು ನಗಲು ಹೋದೆ. ನಗು ಅರ್ಧಕ್ಕೇ ನಿಂತಿತು. ನಾನು ದಿನಾ ತೆರೆಯುವ ಆ ಸಾಫ್ಟ್‌ವೇರಿನಲ್ಲಿ ಚಿತ್ರಕ್ಕೊಂದು ಖಾನೆ, ಧ್ವನಿಗೊಂದು ಖಾನೆ ಬೇರೆ ಬೇರೆಯೇ ಇದ್ದವು. ಚಿತ್ರದ ಖಾನೆಯಲ್ಲಿ ಎಲ್ಲಕ್ಕಿಂತ ಮೇಲೆ "ಕಾಪಿ" ಎಂದಿತ್ತು, ಅಂದರೆ ಚಿತ್ರವನ್ನು ಮುಟ್ಟದೆ ಇದ್ದ ಹಾಗೇ ಎತ್ತಿಡುವುದು. ಇಷ್ಟು ವರ್ಷ ಅದು ಸೋಮಾರಿಗಳಿಗೆ ಇಟ್ಟದ್ದು ಎಂದುಕೊಂಡಿದ್ದೆ. ಚಿತ್ರಕ್ಕೆ ಕಾಪಿ ಒತ್ತಿದೆ, ಧ್ವನಿಗೆ ಟಿವಿ ಒಪ್ಪುವ ಎಎಸಿ ಎಂಬ ಬಗೆಯನ್ನು ಆರಿಸಿದೆ. ಮಂಜುಳಾ ಕೂರಲು ಸ್ಟೂಲು ಎಳೆದುಕೊಳ್ಳುವಷ್ಟರಲ್ಲಿ ಮುಗಿದಿತ್ತು. ಫ್ಯಾನಿಗೆ ಜೋರಾಗಿ ತಿರುಗುವಷ್ಟು ಪುರುಸೊತ್ತೂ ಸಿಗಲಿಲ್ಲ. ಟಿವಿಗೆ ಚುಚ್ಚಿದೆವು. ಚಿತ್ರ ಇದ್ದಂತೆಯೇ ಇತ್ತು, ಮಾತು ಬಂತು.

"ಇಷ್ಟೇನಾ ಅಣ್ಣಾ?" ಎಂದಳು ಮಂಜುಳಾ.

ಆ ಎರಡು ಪದ ನನ್ನ ಇಡೀ ವೃತ್ತಿಯ ಮೇಲೆ ಬಿದ್ದ ಏಟು. "ಇಷ್ಟೇ ಅಂತ ಕಾಣ್ತೈತೆ, ಆದ್ರೆ ಅನುಭವ ಬೇಕಮ್ಮಾ" ಎಂದೆ. ಇಮಾಮ್ ಸಾಬರು ಕತ್ತರಿಯಿಂದ ಬೆನ್ನು ಕೆರೆದುಕೊಳ್ಳುತ್ತ ಹೋದರು.

ಹನ್ನೊಂದಕ್ಕೆ ಅವಳ ಮನೆಯಲ್ಲಿ ನಡುಮನೆ ತುಂಬ ಜನ. ರಿಮೋಟು ನನ್ನ ಕೈಲಿ. ಹಣ್ಣಿನ ತಟ್ಟೆಗಳನ್ನೆಲ್ಲ ಓಡಿಸಿ, ಹುಡುಗನ ತಂದೆ ರುದ್ರಪ್ಪನವರ ಮುಖ ದೊಡ್ಡದಾಗಿ ಕಾಣುವಲ್ಲಿಗೆ ತಂದು ನಿಲ್ಲಿಸಿದೆ. ನೋಡಿ, ನನ್ನ ಕೆಲಸ ಎಂಬ ಗತ್ತಿನಲ್ಲಿ ಬಿಟ್ಟೆ. ಮೊದಲು ಕೇಳಿದ್ದು ನನ್ನದೇ ಗಂಟಲು.

"ಯಜಮಾನ್ರೇ, ಇನ್ನೊಂದ್ಸಲ ಹೇಳ್ರಿ. ಕೈ ಎತ್ತಿ, ಸ್ವಲ್ಪ ಗಟ್ಟಿಯಾಗಿ."

ಟಿವಿಯಲ್ಲಿ ರುದ್ರಪ್ಪನವರು ಕೈ ಎತ್ತಿ, "ಹುಡುಗಿ ಕೆಲಸ ಬಿಡಿಸಾಕಿಲ್ಲ. ಇದು ನಮ್ಮ ಮಾತು" ಎಂದರು.

ಕುರ್ಚಿಯಲ್ಲಿದ್ದ ರುದ್ರಪ್ಪನವರು ತೊಡೆ ತಟ್ಟಿದರು. "ನೋಡಿದ್ರಾ? ವಿಡಿಯೊದೋನು ಹೇಳಿಸಿದ್ದು! ಕೈ ಎತ್ತು ಅಂದ, ಎತ್ತಿದೆ. ಕುಣಿ ಅಂದಿದ್ರೆ ಕುಣೀತಿದ್ದೆ. ಕ್ಯಾಮೆರಾಕ್ಕೆ ಹೇಳಿದ ಮಾತು ಮಾತೇನ್ರೀ?"

ಜನ ನಕ್ಕರು. ಮಂಜುಳಾಳ ಅಪ್ಪ ನೆಲ ನೋಡಿದರು. ಒಂದು ಹುಡುಗಿಯ ಅನ್ನವನ್ನು ನಾನು ಎರಡು ಸಲ ಕಿತ್ತುಕೊಂಡಂತಾಯಿತು, ಶಹನಾಯಿ ಹಾಕಿ ಒಮ್ಮೆ, ಅದನ್ನು ತೆಗೆದು ಇನ್ನೊಮ್ಮೆ. ಎದ್ದು ಹೋಗಲು ಬಾಗಿಲು ನೋಡಿದೆ.

ಮಂಜುಳಾ ಬಂದು ನನ್ನ ಕೈಯಿಂದ ರಿಮೋಟು ತೆಗೆದುಕೊಂಡಳು. "ಅಣ್ಣ ಅಂದಿದ್ದು ಇನ್ನೊಂದ್ಸಲ ಹೇಳ್ರಿ ಅಂತ. ಹಂಗಾರೆ ಮೊದ್ಲೊಂದ್ಸಲ ಅಂದಿರ್ಬೇಕಲ್ಲ?"

ಹಿಂದಕ್ಕೆ ಓಡಿಸಿದಳು. ಪರದೆ ತುಂಬ ನಾನು ಮುತುವರ್ಜಿಯಿಂದ ಹಿಡಿದ ತೆಂಗಿನಕಾಯಿಗಳು, ನಾರು ನಾರು ಎಣಿಸಬಹುದು. ಅದರ ಹಿಂದೆಲ್ಲೋ ಒಂದು ದನಿ, ಯಾರ ಬಲವಂತವೂ ಇಲ್ಲದೆ, ಕೆಮ್ಮುತ್ತ ಹೇಳುತ್ತಿತ್ತು: "ಹುಡುಗಿ ಕಷ್ಟಪಟ್ಟು ಓದೈತೆ. ಕೆಲಸ ಬಿಡಿಸೋ ಪಾಪ ನಾವ್ಯಾಕೆ ಕಟ್ಕೊಳ್ಳಾನ. ಅಲ್ಲೇ ನ್ಯಾಮತಿಲಿ ಮನೆ ಮಾಡ್ಕೊಂಡು ಓಡಾಡ್ಲಿ."

"ಅದು ನಾನೇ ಅಂತ ಹೆಂಗೆ ಹೇಳ್ತೀರಿ? ಬರೀ ತೆಂಗಿನಕಾಯಿ ಕಾಣ್ತೈತೆ" ಎಂದರು ರುದ್ರಪ್ಪನವರು.

ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಗೌರಮ್ಮ ಸೆರಗು ಸರಿಮಾಡಿಕೊಂಡರು. "ತೆಂಗಿನಕಾಯಿ ಕೆಮ್ಮುತ್ತೇನ್ರೀ? ಮಾತಿಗೊಂದ್ಸಲ ಕೆಮ್ಮೋದು ಮೂವತ್ತು ವರ್ಷದಿಂದ ಕೇಳೀನಿ."

ಉತ್ತರ ಕೊಡಲು ರುದ್ರಪ್ಪನವರು ಬಾಯಿ ತೆರೆದರು. ಮೊದಲು ಕೆಮ್ಮು ಬಂತು.

ಮಂಜುಳಾ ಈಗಲೂ ನ್ಯಾಮತಿಯಿಂದ ಹೊನ್ನಾಳಿಗೆ ಡ್ಯೂಟಿಗೆ ಹೋಗುತ್ತಾಳೆ. ನಾನು ಚಿತ್ರ ಬೇಯಿಸುವುದನ್ನು ಬಿಟ್ಟೆ. ಜನರ ಮಾತನ್ನು ಗುಡಿಸುವುದನ್ನೂ ಬಿಟ್ಟೆ. ಗಿರಾಕಿಗಳು "ಸಾರು ಬಂತಾ ಅನ್ನೋದೆಲ್ಲ ಯಾಕಿಟ್ಟೀರಿ?" ಎಂದು ಗೊಣಗುತ್ತಾರೆ. ಗೊಣಗಲಿ.

ಹೀಗೆ ಬದಲಾದೆ ಎಂದು ನಾನೇ ನಂಬಿಕೊಂಡಿದ್ದೆ. ಬರುವ ತಿಂಗಳು ನನ್ನ ಮಗನ ನಿಶ್ಚಿತಾರ್ಥ. ಹುಡುಗಿ ಚನ್ನಗಿರಿಯಲ್ಲಿ ಟೀಚರು. ಈ ಸಲ ನಾನು ಗಂಡಿನ ತಂದೆ, ಆದ್ದರಿಂದ ವಿಡಿಯೊಕ್ಕೆ ಬೇರೆ ಸ್ಟುಡಿಯೊದವನಿಗೆ ಹೇಳಿದ್ದೇನೆ. ನಿನ್ನೆ ಅವನು ಫೋನು ಮಾಡಿ, "ಅಣ್ಣಾ, ಹಿರೇರು ಮಾತಾಡೋ ಕಡೆ ಒಂದು ಹಾಡು ಎಳೆದುಬಿಡ್ಲಾ? ಚೆನ್ನಾಗಿರ್ತೈತೆ" ಎಂದು ಕೇಳಿದ.

ನಿಮ್ಮಲ್ಲಿ ಮುಚ್ಚಿಡುವುದೇನು, ಒಂದು ಗಳಿಗೆ ನನಗೂ ಚೆನ್ನಾಗಿರುತ್ತದೆ ಅನ್ನಿಸಿತು.

"ಬ್ಯಾಡಪ್ಪಾ" ಎಂದೆ. "ಮೈಕು ನನ್ನ ಬಾಯಿ ಹತ್ರಾನೇ ಇಡು."