ಎಣ್ಣೆ ಸೀಸೆಯ ಮೇಲಿನ ಊರು

ಬ್ರಹ್ಮಪುರದ ನಮ್ಮ ಮನೆಯ ಅಡುಗೆಕೋಣೆಯ ಗೂಡಿನಲ್ಲಿ ಅವ್ವ ಕುಸುಬಿ ಎಣ್ಣೆ ಇಡುವ ಹಸಿರು ಸೀಸೆಯೊಂದಿದೆ. ತಾಲೂಕದಾರ ಸಾಹೇಬರ ಬಂಗಲೆಯ ಹಿತ್ತಲಿನಿಂದ ಖಾಲಿಯಾಗಿ ಬಂದ ಅದರ ಹೊಟ್ಟೆಗೆ ಯಾವುದೋ ಪರದೇಶದ ಚಿತ್ರ ಅಂಟಿತ್ತು: ಬಳುಕುವ ನದಿ, ಎರಡು ದೋಣಿ, ಇಳಿಜಾರಿನ ತುಂಬ ದ್ರಾಕ್ಷಿ, ನಡುವೆ ಬುಟ್ಟಿ ಹೊತ್ತ ಹೆಣ್ಣುಮಗಳು, ಮೇಲೆ ಮೂರು ಬುರುಜಿನ ಪುರಾತನ ಪಟ್ಟಣ. ಮಿತ್ರರೇ, ನನ್ನ ಲೋಕಸಂಚಾರವೆಲ್ಲ ಅಷ್ಟೇ. ಅದೂ ಒಗ್ಗರಣೆಯ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ.

ಆದರೆ ಬುದ್ಧಿ ಕೊಡುವಾಗ ಜಿಪುಣನಾದ ದೇವರು ನನಗೆ ಕಂಠ ಕೊಡುವಾಗ ಧಾರಾಳಿಯಾಗಿದ್ದ. ಕಚೇರಿಯ ಪೇಶಕಾರರ ಕೆಮ್ಮನ್ನೂ ಟಾಂಗಾವಾಲನ ಗದರಿಕೆಯನ್ನೂ ಅಣಕಿಸುವವನು ಆ ದೋಣಿಯ ಕಂಡರಿಯದ ಅಂಬಿಗನನ್ನು ಬಿಟ್ಟೇನೆ? ವಾಡಿಯ ಸೋದರಮಾವನ ಮನೆಯಲ್ಲಿ ಮೂರು ತಿಂಗಳು ರೊಟ್ಟಿ ತಿಂದು ಬಂದವನು, ಸಾಹೇಬರೊಬ್ಬರ ಜೊತೆ ಸೀಸೆಯ ಮೇಲಿನ ಆ ನದಿಕಣಿವೆಗೆ ಹೋಗಿದ್ದೆನೆಂದು ಓಣಿತುಂಬ ಸಾರಿದೆ.

ಸುದ್ದಿ ಕಮಲಾಪುರ ಮುಟ್ಟಿತು. ಅಲ್ಲಿನ ಶರಣಪ್ಪನವರು, ಕೆಂಪು ಬಾಳೆಗೊನೆಯನ್ನೂ ತಮ್ಮ ಮುದಿತಾಯಿಯನ್ನೂ ಬಂಡಿಯಲ್ಲಿ ಕೂರಿಸಿಕೊಂಡು, ಮಗಳು ನೀಲವ್ವನಿಗೆ ವರನೆಂದು ನನ್ನನ್ನು ನೋಡಲು ಬಂದರು. ನೀಲವ್ವನನ್ನು ನಾನು ಹಿಂದೊಮ್ಮೆ ಕಮಲಾಪುರದ ಸಂತೆಯಲ್ಲಿ ಕಂಡಿದ್ದೆ. ನನ್ನ ಅಣಕಕ್ಕೆ ನಗದೆ, ನನ್ನನ್ನೇ ತದ್ವತ್ ಅಣಕಿಸಿ ಹೋಗಿದ್ದಳು. ಅಂದಿನಿಂದ ನನಗೆ ಅವಳೇ ಬೇಕಾಗಿತ್ತು.

ಹಾಗಾಗಿ ಹುಮ್ಮಸ್ಸಿನಿಂದ ನದಿ ಹರಿಸಿದೆ, ಬುರುಜು ಎಬ್ಬಿಸಿದೆ, ಪಟ್ಟಣದ ಬಲಗಡೆಗೆ ಸದಾ ಹಳದಿ ಮಂಜು ಮುಸುಕಿರುತ್ತದೆಂದೆ. ಅಲ್ಲಿಗೇ ನಿಲ್ಲಿಸಬಾರದೇ? "ಅಲ್ಲಿ ಮಂದಿ ನೀರಿನ ಬದ್ಲಿ ದ್ರಾಕ್ಷಿ ಶರಾಬೇ ಕುಡೀತಾರ್ರೀ!"

ಶರಣಪ್ಪನವರ ಕೈ ಕೊರಳಿನ ಲಿಂಗಕ್ಕೆ ಹೋಯಿತು. "ಮೂರು ತಿಂಗ್ಳು ನೀ ಏನ್ ಕುಡ್ದಿ, ತಮ್ಮಾ?"

ನನ್ನ ಪಾಡು ನೋಡಿ! ಹೋಗಿದ್ದರೆ ಕುಡುಕ, ಹೋಗದಿದ್ದರೆ ಸುಳ್ಳ. ಶೀಲವಂತನೆನಿಸಿಕೊಳ್ಳಲು ಸುಳ್ಳುಗಾರನೆಂದು ರುಜುವಾತು ಮಾಡಬೇಕಾದ ವರ ಈ ನಿಜಾಮಶಾಹಿಯಲ್ಲಿ ನಾನೊಬ್ಬನೇ ಇರಬೇಕು.

"ನಾ ಎಲ್ಲಿಗೂ ಹೋಗಿಲ್ರೀ."

"ಈಗ ನೋಡು, ಸುಳ್ಳು ಹೇಳಾಕತ್ತಿ!"

ಅವ್ವ ಎದ್ದು ಸೀಸೆ ತಂದು ಮುಂದಿಟ್ಟಳು. ನೀಲವ್ವನ ಅಜ್ಜಿ ಅದನ್ನು ಬೆಳಕಿಗೆ ಹಿಡಿದು ತನಿಖೆ ಶುರುಮಾಡಿದಳು. "ಬುರುಜು ಮೂರು, ಬರೋಬ್ಬರಿ. ದೋಣಿ ಎರಡು, ಬರೋಬ್ಬರಿ. ಮತ್ತ ಆ ಹಳದಿ ಮಂಜು?"

"ಅದು ಮಂಜಲ್ರೀ ಯವ್ವಾ, ನನ್ನ ಕೈಯಾಗ ಸೋರಿದ ಎಣ್ಣಿ," ಎಂದಳು ಅವ್ವ.

ಬೊಚ್ಚುಬಾಯಿಯ ಅಜ್ಜಿ ಹೊಟ್ಟೆ ಹಿಡಿದು ನಕ್ಕಳು. "ಶರಣಾ, ಇಂವ ಕುಡಕ ಅಲ್ಲೋ, ಬರೀ ಬಾಯಿಬಡಕ. ಕೊಟ್ಟುಬಿಡು, ಹುಡಗಿಗಿ ಹೊತ್ತು ಹೋಗ್ತದ."

ಸೀಸೆ ಈಗಲೂ ಅದೇ ಗೂಡಿನಲ್ಲಿದೆ. ನೀಲವ್ವ ಎಣ್ಣೆ ಬಗ್ಗಿಸಿದಾಗಲೆಲ್ಲ ಒಂದು ಹನಿ ಇಳಿದು ಮಂಜು ಹಬ್ಬುತ್ತದೆ. ಲೋಕದ ಒಂದು ಚೆಂದದ ಪಟ್ಟಣ ಹೀಗೆ ದಿನಾ ಚೂರುಚೂರೇ ನಮ್ಮ ಪಲ್ಯದ ಲೆಕ್ಕಕ್ಕೆ ಮುಳುಗುತ್ತಿದೆ. ಮೊನ್ನೆ ಬುಟ್ಟಿ ಹೊತ್ತವಳೂ ಮಾಯವಾದಳು.

"ಎಲ್ಲಿಗಿ ಹೋದ್ಳು ಆಕಿ?" ಎಂದಳು ನೀಲವ್ವ.

"ನನಗೇನ್ ಗೊತ್ತು? ನಾ ಅಲ್ಲಿಗಿ ಹೋಗೇ ಇಲ್ಲ."

"ಸುಳ್ಳ ಹೇಳಬ್ಯಾಡ್ರಿ," ಎಂದು ಅವಳು ಒಲೆಯ ಉರಿ ತಗ್ಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನೆದುರು ಕೂತಳು. "ಹೇಳ್ರಿ."