ಹುಳುಮನೆಯ ಬೆಳ್ಳಿನೀರು

ಲಕ್ಕೂರಿನಲ್ಲಿ ನಮ್ಮ ಪಕ್ಕದ ಮನೆಯಾಕೆ ರೇಷ್ಮೆಹುಳು ಸಾಕುತ್ತಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಹುಳುಮನೆಗೆ ಯಾರನ್ನೂ ಬಿಡದವಳು ನನ್ನನ್ನು ಮಾತ್ರ ಕೈಕಾಲು ತೊಳೆಸಿ ಒಳಗೆ ಕರೆಯುತ್ತಿದ್ದಳು. ಹುಳುಗಳ ತಟ್ಟೆಯ ಮೇಲೆ ಬಾಗಿ, ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, "ಕೇಳಿಸ್ತಾ?" ಅನ್ನುತ್ತಿದ್ದಳು. ಹುಳುಗಳು ಸೊಪ್ಪು ಮೇಯುವ ಸದ್ದು, ದೂರದ ಅಡುಗೆಮನೆಯ ಒಗ್ಗರಣೆಯ ಹಾಗೆ.

ಹಿಂದಿನ ಎರಡು ಬೆಳೆ ಹಾಲುತೊಂಡೆ ರೋಗಕ್ಕೆ ಹೋಗಿದ್ದವು. ಬಂದ ಮೇಲೆ ಔಷಧವಿಲ್ಲದ ರೋಗ ಅದು. ಹುಳು ಊದಿ, ಹಾಲಿನಂಥ ನೀರು ಸುರಿಸಿ ಸಾಯುತ್ತದೆ. ಈ ಸಲ ಅಕ್ಕ, ಯಾವ ರೋಗವನ್ನೂ ತಡೆಯುತ್ತದಂತೆ ಎಂದು ಮೊಬೈಲಿನಲ್ಲಿ ಬೆಳ್ಳಿನೀರು ಮಾಡುವುದನ್ನು ನೋಡಿದ್ದಳು. ಮದುವೆಯ ಕಾಲುಚೈನನ್ನು ತುಂಡರಿಸಿ, ಎರಡು ತುಂಡನ್ನು ಬ್ಯಾಟರಿಯ ತಂತಿಗೆ ಕಟ್ಟಿ, ಬೋರ್‌ವೆಲ್ ನೀರಿನ ಲೋಟಕ್ಕೆ ಇಳಿಬಿಟ್ಟಳು. ನೀರು ಮೆಲ್ಲಗೆ ಬೆಳ್ಳಗಾಯಿತು.

"ಅಕ್ಕ, ರೇಷ್ಮೆ ಆಫೀಸಿನವ್ರನ್ನ ಒಂದ್ಮಾತು ಕೇಳೋಣ," ಅಂದೆ.

"ಅವ್ರು ಹುಳಾನೆಲ್ಲ ಸುಟ್ಟಾಕು ಅಂತಾರೆ ಕಣೇ. ಬೆಳ್ಳಿ ಇಳೀತಾ ಐತೆ ನೋಡು. ಇದು ಕೈಬಿಡಲ್ಲ."

ದಿನವೂ ಆ ನೀರನ್ನು ಸೊಪ್ಪಿಗೆ ಚಿಮುಕಿಸಿದಳು. ಚೈನು ಕಪ್ಪಾಗಿ ಸವೆಯಿತು. ಗೂಡು ಕಟ್ಟಬೇಕಾದ ಹೊತ್ತಿಗೆ ಹುಳುಗಳು ತಟ್ಟೆಯ ಅಂಚಿಗೆ ಬಂದು ತಲೆ ಇಳಿಬಿಟ್ಟವು. ಮುಟ್ಟಿದರೆ ಲೋಟದ ಬೆಳ್ಳಿನೀರಿನ ಬಣ್ಣದ್ದೇ ನೀರು ಒಸರಿತು.

ಎಲ್ಲವನ್ನೂ ಗುಂಡಿಗೆ ಹಾಕಿ ಸುಣ್ಣ ಚೆಲ್ಲಿ ಬಂದೆವು. ಮರುದಿನ ಬೆಳಿಗ್ಗೆ ಹೋದರೆ, ಅಕ್ಕ ಖಾಲಿ ತಟ್ಟೆಗಳಿಗೆ ಹೊಸ ಸೊಪ್ಪು ಹರಡಿ ಬೆಳ್ಳಿನೀರು ಚಿಮುಕಿಸುತ್ತಿದ್ದಳು. ಆಮೇಲೆ ಬಾಗಿ, ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ನನ್ನತ್ತ ತಿರುಗಿದಳು.

ಅವಳು ಕೇಳುವ ಮೊದಲೇ ನಾನು, "ಹ್ಞೂಂ ಅಕ್ಕ, ಕೇಳಿಸ್ತೈತೆ," ಅಂದೆ.